ಡಬಲ್ ಕ್ಲಿಕ್ ಮಾಡಿದೆ, ಏನೂ ಆಗಲಿಲ್ಲ

ಭಾನುವಾರ, ಮಧ್ಯಾಹ್ನ

ಇಪ್ಪತ್ತು ವರ್ಷದ ಹಿಂದೆ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಲೇಖನಗಳನ್ನು ಯೂನಿಕೋಡ್‌ಗೆ ತರಬೇಕಿತ್ತು. ‘ಹಳೇ ಫಾಂಟಲ್ಲಿ ಕಳಿಸಬೇಡಿ ಸಾರ್’ ಎಂದು ಸಂಪಾದಕರು ಎರಡು ಸಲ ಹೇಳಿಯಾಗಿತ್ತು. ಹುಡುಕಿದಾಗ ಎಲ್ಲೋ ಒಂದು ಕಡೆ ‘ಉಚಿತ ಪರಿವರ್ತಕ’ ಸಿಕ್ಕಿತು. ಡೌನ್‌ಲೋಡ್ ಎನ್ನುವ ಹಸಿರು ಬಟನ್‌ಗಳು ಮೂರು. ಯಾವುದು ಅಸಲಿ? ದೊಡ್ಡದನ್ನೇ ಒತ್ತಿದೆ. ಸಂತೆಯಲ್ಲೂ ನನ್ನದು ಇದೇ ಬುದ್ಧಿ.

ಬಂದದ್ದು ಝಿಪ್ ಫೈಲು, ಅದಕ್ಕೊಂದು ಪಾಸ್‌ವರ್ಡ್. ಪಾಸ್‌ವರ್ಡ್ ಏನೆಂದು ಪಕ್ಕದಲ್ಲೇ ಬರೆದಿತ್ತು: 1234. ಬೀಗ ಹಾಕಿ, ಬೀಗದಕೈಯನ್ನೂ ಅದಕ್ಕೇ ಕಟ್ಟಿ ಕಳಿಸುವುದೇಕೆ ಎಂದು ಕೇಳಿಕೊಂಡೆ. ಉತ್ತರ ಹೊಳೆಯುವಷ್ಟರಲ್ಲಿ ಬೆರಳು ಡಬಲ್ ಕ್ಲಿಕ್ ಮಾಡಿಬಿಟ್ಟಿತ್ತು.

ಏನೂ ಆಗಲಿಲ್ಲ. ಕರ್ಸರಿನ ಪಕ್ಕ ಒಂದು ನೀಲಿ ಬಳೆ ಕ್ಷಣ ಹೊತ್ತು ತಿರುಗಿತು, ಮಾಯವಾಯಿತು.

ಅದೇ ಸಂಜೆ

ಲ್ಯಾಪ್‌ಟಾಪಿನ ಫ್ಯಾನು ಗೊರಗುಟ್ಟುತ್ತಿದೆ. ದಿನವೂ ಹೀಗೇ ಇತ್ತೇ? ನೆನಪಿಲ್ಲ. ಅನುಮಾನ ಬಂದ ಮೇಲೆ ನೆನಪಿಗೂ ಬೆಲೆಯಿಲ್ಲ.

ಟಾಸ್ಕ್ ಮ್ಯಾನೇಜರ್ ತೆರೆದೆ. ‘ಸರ್ವೀಸ್ ಹೋಸ್ಟ್’ ಹೆಸರಿನವರೇ ಹತ್ತಾರು ಮಂದಿ. ಇವರು ವಿಂಡೋಸ್ ಮನೆಯವರೇ, ಸಭ್ಯರೇ. ಆದರೆ ಮದುವೆಮನೆ ಪಂಕ್ತಿಯಲ್ಲಿ ಕೂತ ಅಪರಿಚಿತನನ್ನು ಹೆಣ್ಣಿನ ಕಡೆಯವರು ಗಂಡಿನ ಕಡೆಯವನೆಂದೂ, ಗಂಡಿನ ಕಡೆಯವರು ಹೆಣ್ಣಿನ ಕಡೆಯವನೆಂದೂ ತಿಳಿಯುತ್ತಾರೆ. ಅವನು ಎರಡು ಸಲ ಪಾಯಸ ಹಾಕಿಸಿಕೊಳ್ಳುತ್ತಾನೆ. ಇಲ್ಲಿ ಪಾಯಸ ಹಾಕಿಸಿಕೊಳ್ಳುತ್ತಿರುವವರು ಯಾರು?

ಮೊದಲ ಕಾಲದ ಕೆಲವು ವೈರಸ್ಸುಗಳಿಗೆ ಹೀಗೆ ಗುರುತು ಮರೆಸುವ ಸಂಕೋಚ ಇರಲಿಲ್ಲ. 1986ರ ‘ಬ್ರೇನ್’ ಬರೆದ ಲಾಹೋರಿನ ಅಣ್ಣತಮ್ಮಂದಿರು, ಬಾಸಿತ್ ಮತ್ತು ಅಮ್ಜದ್ ಫಾರೂಕ್ ಅಲ್ವಿ, ಅದರೊಳಗೇ ತಮ್ಮ ಹೆಸರು, ವಿಳಾಸ, ಫೋನ್ ನಂಬರು ಹಾಕಿದ್ದರು. ‘ಕ್ಯಾಸ್ಕೇಡ್’ ಬಂದರೆ ಪರದೆಯ ಅಕ್ಷರಗಳು ತರಗೆಲೆಯಂತೆ ಉದುರಿ ತಳ ಸೇರುತ್ತಿದ್ದವು. ಕಾಯಿಲೆ ಕಣ್ಣಿಗೆ ಕಾಣುತ್ತಿತ್ತು. ನನ್ನದು ಬಂದಿದೆಯೋ ಇಲ್ಲವೋ ಅದೇ ಗೊತ್ತಿಲ್ಲ.

ಬೀದಿ ಕೊನೆಯ ಡಿಟಿಪಿ ಅಂಗಡಿಯವನು ಕಥೆ ಪೂರ್ತಿ ಕೇಳಲೇ ಇಲ್ಲ. ‘ಫಾರ್ಮ್ಯಾಟ್ ಹೊಡೀರಿ ಸಾರ್.’ ಮೌಸ್ ಕೆಟ್ಟಾಗಲೂ ಅವನು ಇದನ್ನೇ ಹೇಳಿದ್ದ.

ಸೋಮವಾರ

ತಂಗಿಯ ಮಗನಿಗೆ ಫೋನ್ ಮಾಡಿದೆ. ಇಂಜಿನಿಯರಿಂಗ್ ಓದುತ್ತಿದ್ದಾನೆ.

‘ಮಾವ, ಮೊದಲು ವೈಫೈ ಆಫ್ ಮಾಡಿ. ನಿನ್ನೆಯಿಂದ ಆನ್ ಇದೆಯಾ?’

ಇತ್ತು. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮಧ್ಯಾಹ್ನ ಬಂದ.

ಬೀಗದ ರಹಸ್ಯ ಬಿಡಿಸಿದ. ಬೀಗ ಇರುವುದು ನನಗಲ್ಲ, ಆಂಟಿವೈರಸ್‌ಗೆ. ಪಾಸ್‌ವರ್ಡ್ ಹಾಕಿದ ಝಿಪ್ಪಿನೊಳಗೆ ಅದು ಇಣುಕಲಾರದು, ನಾನು ತೆರೆದುಕೊಡುತ್ತೇನೆ. ಇನ್ನೊಂದು ವಿಚಿತ್ರ: ಝಿಪ್ ಇದ್ದದ್ದು 4 ಎಂಬಿ, ಬಿಚ್ಚಿದ್ದು 700 ಎಂಬಿ. ಭತ್ತ ಹುರಿದು ಅರಳು ಮಾಡಿದ ಹಾಗೆ. ‘ಒಳಗೆ ಬರೀ ಸೊನ್ನೆ ತುಂಬಿರ್ತಾರೆ ಮಾವ. ಸೊನ್ನೆಗಳನ್ನ ಎಷ್ಟು ಬೇಕಾದ್ರೂ ಮಡಚಬಹುದು.’ ಎಪ್ಪತ್ತರಷ್ಟು ಆಂಟಿವೈರಸ್‌ಗಳಿಂದ ಒಟ್ಟಿಗೆ ತಪಾಸಣೆ ಮಾಡಿಸುವ ವೈರಸ್‌ಟೋಟಲ್ 650 ಎಂಬಿ ಮೀರಿದ್ದನ್ನು ತೆಗೆದುಕೊಳ್ಳುವುದಿಲ್ಲ. ದಪ್ಪಗಿದ್ದರೆ ತಪಾಸಣೆ ತಪ್ಪುತ್ತದೆ ಎನ್ನುವ ಉಪಾಯ ಯಾರ ತಲೆಗೆ ಹೊಳೆಯಿತೋ!

ಫೈಲಿನ ಬೆರಳಚ್ಚು, ಅಂದರೆ ಹ್ಯಾಶ್, ತೆಗೆದು ಹುಡುಕಿದ, 64 ಅಕ್ಷರದ ಸಾಲು. ಎಲ್ಲೂ ದಾಖಲೆಯಿಲ್ಲ. ನಾನು ಖುಷಿಪಟ್ಟೆ, ಅವನ ಮುಖ ಇನ್ನಷ್ಟು ಸಣ್ಣದಾಯಿತು. ಒಂದು ಸೊನ್ನೆ ಹೆಚ್ಚುಕಮ್ಮಿ ಮಾಡಿದರೂ ಬೆರಳಚ್ಚು ಪೂರಾ ಬದಲಾಗುತ್ತದಂತೆ.

ಆಮೇಲೆ ನನ್ನ ಲೇಖನವೊಂದನ್ನು ತೆರೆದು ನೋಡಿ ಕುರ್ಚಿಯಿಂದ ಎದ್ದೇಬಿಟ್ಟ. ಇಂಗ್ಲಿಷಿನ ಅಕ್ಷರಗಳು, ಅವುಗಳ ತಲೆಯ ಮೇಲೆ ಸೊಟ್ಟ ಗೀರು, ನಡುವೆ ಪೌಂಡಿನ ಗುರುತು. ‘ರ‍್ಯಾನ್ಸಮ್‌ವೇರ್ ಮಾವ! ಎಲ್ಲಾ ಎನ್‌ಕ್ರಿಪ್ಟ್ ಆಗಿದೆ!’

‘ಕೂತ್ಕೊಳ್ಳೋ, ಅದು ನುಡಿ.’

ಹಳೆಯ ನುಡಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸುತ್ತಿತ್ತು. ಫಾಂಟ್ ಇಲ್ಲದಿದ್ದರೆ ವೇಷ ಕಳಚುತ್ತದೆ. ಇಡೀ ಲ್ಯಾಪ್‌ಟಾಪಿನಲ್ಲಿ ರೋಗಿಯಂತೆ ಕಂಡದ್ದು ಇದೊಂದೇ, ಇದಕ್ಕೆ ಏನೂ ಆಗಿರಲಿಲ್ಲ.

ರಾತ್ರಿ

ಡಿಫೆಂಡರಿನ ಆಫ್‌ಲೈನ್ ಸ್ಕ್ಯಾನ್. ವಿಂಡೋಸ್ ಏಳುವ ಮುಂಚೆಯೇ ನಡೆಯುವ ತಪಾಸಣೆ, ಕಳ್ಳನಿಗೆ ಅವಿತುಕೊಳ್ಳಲು ಮರೆ ಇರುವುದಿಲ್ಲ. ಕಾಲು ಗಂಟೆಯ ನಂತರ ಒಂದು ಹೆಸರು ಬಂತು: ಟ್ರೋಜನ್, ವಕಾಟ್ಯಾಕ್, ಕೊನೆಗೆ ಆಶ್ಚರ್ಯಸೂಚಕ ಹಾಕಿ ‘ಎಂಎಲ್’. ಎಂಎಲ್ ಅಂದರೆ ಮಷಿನ್ ಲರ್ನಿಂಗ್. ಲಕ್ಷಣ ನೋಡಿ ಯಂತ್ರ ಹೇಳಿದ ಊಹೆ. ಹಾಗಾದರೆ ನನಗೆ ಬಂದಿರುವುದು ವೈರಸ್ಸೋ ವೈರಸ್ಸಿನ ಸಂಶಯವೋ? ‘ಹಾಗೆಲ್ಲ ಯೋಚನೆ ಮಾಡ್ಬೇಡಿ, ಬಂದಿದೆ ಅಂತಲೇ ಇಟ್ಕೊಳ್ಳಿ’ ಎಂದ.

ಮಂಗಳವಾರ

ಪಾಸ್‌ವರ್ಡುಗಳನ್ನೆಲ್ಲ ಫೋನಿನಿಂದ ಬದಲಾಯಿಸಿದೆ. ಲ್ಯಾಪ್‌ಟಾಪಿನಲ್ಲಿ ಬದಲಾಯಿಸಿದರೆ ಕಳ್ಳನ ಕಿವಿಯಲ್ಲೇ ಹೇಳಿದಂತೆ. ಅಷ್ಟೂ ಸಾಲದು. ಒಮ್ಮೆ ಒಳಗೆ ಹೋದ ಮೇಲೆ ಬ್ರೌಸರಿನಲ್ಲಿ ಒಂದು ಕುಕಿ ಉಳಿಯುತ್ತದೆ, ಬಸ್ ಪಾಸಿನ ಹಾಗೆ; ಅದನ್ನು ತೋರಿಸಿದವನ ಹತ್ತಿರ ಪಾಸ್‌ವರ್ಡನ್ನೂ ಒಟಿಪಿಯನ್ನೂ ಯಾರೂ ಕೇಳುವುದಿಲ್ಲ. ಈಗಿನ ಕಳ್ಳರಿಗೆ ಬೇಕಾಗಿರುವುದು ಆ ಪಾಸು. ಸೆಕೆಂಡುಗಳಲ್ಲಿ ಬಾಚಿಕೊಂಡು, ತಾವೇ ಅಳಿಸಿಹೋಗುವ ವೈರಸ್ಸುಗಳೂ ಇವೆಯಂತೆ. ಎಲ್ಲ ಸಾಧನಗಳಿಂದಲೂ ಸೈನ್ ಔಟ್ ಮಾಡಿ ಪಾಸು ರದ್ದು ಮಾಡಬೇಕು.

ಆ ಸಾಧನಗಳ ಪಟ್ಟಿಯಲ್ಲಿ ವಿಂಡೋಸ್ ಕಂಪ್ಯೂಟರುಗಳು ಎರಡು. ಎದೆ ಧಸಕ್ಕೆಂದಿತು. ಎರಡನೆಯದು ಮೂರು ವರ್ಷದ ಹಿಂದೆ ತಂಗಿಯ ಮಗನಿಗೇ ಕೊಟ್ಟ ನನ್ನ ಹಳೆಯ ಲ್ಯಾಪ್‌ಟಾಪು.

‘ನಾನೇನೂ ಓದಿಲ್ಲ ಮಾವ’ ಎಂದ. ನಾನು ಕೇಳಿಯೇ ಇರಲಿಲ್ಲ.

ಬ್ಯಾಂಕಿನ ಪಾಸ್‌ಬುಕ್ ನೋಡಿದೆ, ಹಣ ಹೋಗಿಲ್ಲ. ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕಿತ್ತು, ಅದೂ ತಡಮಾಡದೆ. ಈ ನಡುವೆ ಎದುರುಮನೆಯವರಿಗೂ ಇಂಥದ್ದೇ ಬಲೆ: ವಾಟ್ಸಾಪಿನಲ್ಲಿ ಮದುವೆ ಪತ್ರಿಕೆ ಎಪಿಕೆ ಫೈಲಾಗಿ ಬಂದಿದೆ. ಇನ್‌ಸ್ಟಾಲ್ ಮಾಡಿಕೊಂಡು ಓದಬೇಕಾದ ಲಗ್ನಪತ್ರಿಕೆ! ಅವರಿಗೆ ಒತ್ತಬೇಡಿ ಎಂದೆ, ತಜ್ಞನ ಗತ್ತಿನಲ್ಲಿ.

ಬುಧವಾರ

ಫಾರ್ಮ್ಯಾಟ್ ಹೊಡೆದಾಯಿತು. ಕೊನೆಗೂ ಡಿಟಿಪಿಯವನ ಮಾತೇ ಗೆದ್ದಿತು. ಲೇಖನಗಳನ್ನಷ್ಟೇ ಪೆನ್‌ಡ್ರೈವಿನಿಂದ ವಾಪಸು ಹಾಕಿಕೊಂಡೆ. ತೆರೆದರೆ ಅದೇ ಸೊಟ್ಟ ಗೀರು, ಅದೇ ಪೌಂಡಿನ ಗುರುತು.

ಸಂಪಾದಕರ ಮೆಸೇಜು: ‘ಸಾರ್, ಲೇಖನ?’

ಹಳೆಯ ಪ್ರಿಂಟ್‌ಔಟ್ ಪಕ್ಕದಲ್ಲಿಟ್ಟುಕೊಂಡು ಮೊದಲಿನಿಂದ ಟೈಪ್ ಮಾಡುತ್ತಿದ್ದೇನೆ. ಎರಡು ಪುಟ ಆಯಿತು.