ಮೇಜಿನ ಈಚೆ ನಿಂತವರು

ಪರೀಕ್ಷೆಯ ಕಾಲ ಬಂದಿತೆಂದರೆ ಮಧ್ಯಮವರ್ಗದ ಮನೆಯ ಗಾಳಿಯೇ ಬದಲಾಗುತ್ತದೆ. ಹಾಡು ಹರಟೆಗಳು ನಿಲ್ಲುತ್ತವೆ. ಬಂದ ಅತಿಥಿಗಳಿಗೆ ಪಿಸುಮಾತಿನಲ್ಲಿ ಉಪಚಾರ ನಡೆಯುತ್ತದೆ. ದೇವರ ಮುಂದಿನ ದೀಪಕ್ಕೆ ಎಂದಿಗಿಂತ ಎರಡು ಹನಿ ಎಣ್ಣೆ ಹೆಚ್ಚಾಗಿಯೇ ಸಲ್ಲುತ್ತದೆ. ಬರೆಯುವವನು ಒಬ್ಬನೇ ಆದರೂ ಪರೀಕ್ಷೆಗೆ ಕುಳಿತವರು ಮನೆಮಂದಿಯೆಲ್ಲ. ಫಲಿತಾಂಶದ ದಿನವಂತೂ ಹುಡುಗನ ಹೆಸರಿನ ಮುಂದೆ ಬೀಳುವ ಒಂದು ಅಂಕೆ ಆ ಮನೆಯ ಮಾನವನ್ನೇ ತೂಗುವ ತಕ್ಕಡಿಯಾಗಿಬಿಡುತ್ತದೆ.

ಈ ಸಂಕಟ ಪುಸ್ತಕ ಹಿಡಿದವರ ಪಾಲಿಗೆ ಮಾತ್ರ ಬಂದುದೆಂದು ತಿಳಿಯುವುದು ಸರಿಯಲ್ಲ. ಗಾಳಿಯೊಂದನ್ನೇ ನಂಬಿ ಹಡಗುಗಳು ಕಡಲನ್ನು ದಾಟುತ್ತಿದ್ದ ಹದಿನೆಂಟನೆಯ ಶತಮಾನದಲ್ಲಿ, ಮೈಗೆ ಡಾಂಬರಿನ ವಾಸನೆ ಹತ್ತಿದ ನಾವಿಕನೂ ಒಂದು ದಿನ ಟೋಪಿಯನ್ನು ಕೈಯಲ್ಲಿ ಹಿಡಿದು, ಒಂದು ಮೇಜಿನ ಮುಂದೆ ನಿಂತು, ಒಣಗಿದ ಗಂಟಲಿನಿಂದ ಉತ್ತರ ಹೇಳಬೇಕಾಗಿತ್ತು. ಇಂಗ್ಲೆಂಡಿನ ನೌಕಾಪಡೆಯಲ್ಲಿ ವಾರಂಟ್ ಅಧಿಕಾರಿಗಳೆನಿಸಿಕೊಂಡಿದ್ದವರ ಕಥೆ ಅದು.

ಅಂದಿನ ಯುದ್ಧನೌಕೆಯಲ್ಲಿ ಅಧಿಕಾರಕ್ಕೆ ಏರುವ ದಾರಿಗಳು ಎರಡು. ಕ್ಯಾಪ್ಟನ್ನರೂ ಲೆಫ್ಟಿನೆಂಟರೂ ಕಮಿಷನ್ ಪಡೆದು ಬರುತ್ತಿದ್ದರು. ಅವರಲ್ಲಿ ಬಹುಮಂದಿ ಅನುಕೂಲಸ್ಥರ ಮನೆಯ ಮಕ್ಕಳು. ಇನ್ನೊಂದು ಕಸುಬಿನ ದಾರಿ. ಹಡಗು ಎಲ್ಲಿದೆ, ಎತ್ತ ಸಾಗಬೇಕು ಎಂದು ಹೇಳುವವನು ಮಾಸ್ಟರ್. ಗಾಯಗೊಂಡವರ ಕೈಕಾಲುಗಳನ್ನು ನೋಡಿಕೊಳ್ಳುವವನು ಶಸ್ತ್ರವೈದ್ಯ. ಫಿರಂಗಿಗಳೂ ಮದ್ದುಗುಂಡುಗಳೂ ಗನ್ನರನ ವಶ. ಹಗ್ಗ, ಹಾಯಿ, ಲಂಗರುಗಳು ಬೋಸನ್ನನ ವಶ. ಹಡಗಿನ ಮರದ ಮೈಯೆಲ್ಲ ಬಡಗಿಯ ವಶ. ಉಗ್ರಾಣ ಪರ್ಸರನ ವಶ. ಇವರಿಗೆ ದೊರೆಯುತ್ತಿದ್ದುದು ಕಮಿಷನ್ ಅಲ್ಲ, ವಾರಂಟ್ ಎಂಬ ಅಧಿಕಾರಪತ್ರ. ಗೌರವದಲ್ಲಿ ಇವರು ಒಂದು ಮೆಟ್ಟಲು ಕೆಳಗೆ. ಆದರೆ ಕ್ಯಾಪ್ಟನ್ನರು ಬದಲಾದರೂ, ಹಡಗು ಕೆಲಸವಿಲ್ಲದೆ ಬಂದರಿನಲ್ಲಿ ನಿಂತರೂ, ಬಡಗಿ, ಬೋಸನ್, ಗನ್ನರ್ ಈ ಮೂವರು ಅದನ್ನು ಬಿಡುವಂತಿರಲಿಲ್ಲ. ಹಡಗಿನ ಪಾಲಿಗೆ ಅವರು ಮನೆಯ ಹಳೆಯ ಜನ.

ಇಂಥವರನ್ನು ಆರಿಸುವುದು ಹೇಗೆ? ಬಡಗಿಯಾಗುವವನು ಮೊದಲು ಹಡಗು ಕಟ್ಟುವ ಕಸುಬನ್ನು ನುರಿತವರ ಕೈಕೆಳಗೆ ಕಲಿತಿರಬೇಕು. ಗನ್ನರನು ತನ್ನ ಫಿರಂಗಿವಿದ್ಯೆಯನ್ನು ಬಲ್ಲವರ ಮುಂದೆ ಒಪ್ಪಿಸಬೇಕು. ಪರ್ಸರನಿಂದ ಮಾತ್ರ ಹಣದ ಜಾಮೀನನ್ನು ಬರೆಯಿಸಿಕೊಳ್ಳುತ್ತಿದ್ದರು. ಉಗ್ರಾಣದ ಬೀಗದಕೈ ಹಿಡಿಯುವವನ ವಿಷಯದಲ್ಲಿ ಸರ್ಕಾರಗಳು ಎಲ್ಲ ಕಾಲದಲ್ಲಿಯೂ ವಿವೇಕಿಗಳೇ. ಶಸ್ತ್ರವೈದ್ಯರನ್ನು ಲಂಡನ್ನಿನ ಶಸ್ತ್ರವೈದ್ಯರ ಸಂಘ ಪರೀಕ್ಷಿಸುತ್ತಿತ್ತು. ೧೭೪೫ರವರೆಗೆ ಈ ಸಂಘದಲ್ಲಿ ಕ್ಷೌರಿಕರೂ ಶಸ್ತ್ರವೈದ್ಯರೂ ಒಂದಾಗಿಯೇ ಇದ್ದರು. ಕತ್ತಿ ಹಿಡಿಯುವವರೆಲ್ಲ ಒಂದೇ ಕುಲವೆಂಬ ಹಳೆಯ ಎಣಿಕೆ ಇರಬೇಕು. ಮಾಸ್ಟರ್ ಆಗಬೇಕಾದವನು ಟ್ರಿನಿಟಿ ಹೌಸ್ ಎಂಬ ಸಂಸ್ಥೆಯ ಮುಂದೆ ನಿಲ್ಲಬೇಕು. ೧೫೧೪ರಲ್ಲಿ ಎಂಟನೆಯ ಹೆನ್ರಿಯಿಂದ ಸನ್ನದು ಪಡೆದ ಈ ಸಂಸ್ಥೆಯ ಹಿರಿಯರನ್ನು ‘ಹಿರಿಯ ಸೋದರರು’ ಎಂದು ಕರೆಯುವ ವಾಡಿಕೆ. ಕೇಳುವ ಇವರು ಕಡಲನ್ನು ಬಲ್ಲವರು. ಆದುದರಿಂದ ಉರುಹೊಡೆದ ಉತ್ತರ ಅಲ್ಲಿ ನಡೆಯುತ್ತಿರಲಿಲ್ಲ. ತೇರ್ಗಡೆಯಾದವನಿಗೂ ಎಲ್ಲ ಹಡಗುಗಳೂ ದಕ್ಕುತ್ತಿರಲಿಲ್ಲ; ಇಂತಿಷ್ಟು ದೊಡ್ಡ ಹಡಗಿಗೆ ಇವನು ಯೋಗ್ಯ ಎಂದು ಪತ್ರ ಸಿಗುತ್ತಿತ್ತು. ಅದಕ್ಕಿಂತ ದೊಡ್ಡದು ಬೇಕೆಂದರೆ ಮತ್ತೆ ಬಂದು ಅದೇ ಮೇಜಿನ ಮುಂದೆ ನಿಲ್ಲಬೇಕು.

ಇಲ್ಲಿ ಪ್ರಶ್ನೆಪತ್ರಿಕೆಯಿಲ್ಲ, ಮೂರು ಗಂಟೆಯ ಅವಧಿಯಿಲ್ಲ. ಎಲ್ಲವೂ ಬಾಯಿಮಾತು. ಬಾಯಿಮಾತಿನ ಪರೀಕ್ಷೆ ಕೆಲವೊಮ್ಮೆ ನಗೆಪಾಟಲಿಗೆ ತಿರುಗುವುದೂ ಉಂಟು. ಟೊಬಯಸ್ ಸ್ಮಾಲೆಟ್ ಎಂಬ ಕಾದಂಬರಿಕಾರ ತರುಣನಾಗಿದ್ದಾಗ ಈ ಪರೀಕ್ಷೆಯನ್ನು ಕೊಟ್ಟು, ವೈದ್ಯನ ಸಹಾಯಕನಾಗಿ ಹಡಗು ಹತ್ತಿ, ೧೭೪೧ರ ಕಾರ್ಟಹೇನಾ ದಂಡಯಾತ್ರೆಯಲ್ಲಿ ರೋಗ ಸಾವಿರಾರು ಜನರನ್ನು ಕೊಂಡೊಯ್ದುದನ್ನು ಕಣ್ಣಾರೆ ಕಂಡವನು. ೧೭೪೮ರಲ್ಲಿ ಅವನು ಬರೆದ ‘ರಾಡರಿಕ್ ರ್‍ಯಾಂಡಮ್’ ಕಾದಂಬರಿಯ ನಾಯಕನನ್ನು ಪರೀಕ್ಷಕನೊಬ್ಬ ಕೇಳುತ್ತಾನೆ: ಯುದ್ಧದಲ್ಲಿ ತಲೆಯೇ ಹಾರಿಹೋದವನನ್ನು ನಿನ್ನೆದುರಿಗೆ ತಂದರೆ ಏನು ಮಾಡುವೆ? ಇಂಥ ರೋಗಿಗೆ ಮದ್ದು ಹೇಳಿರುವ ಗ್ರಂಥವನ್ನು ತಾನಿನ್ನೂ ಓದಿಲ್ಲವೆಂದು ಪಾಪ, ಆ ಹುಡುಗ ವಿನಯದಿಂದಲೇ ಹೇಳುತ್ತಾನೆ. ಮುಂದೆ ಪರೀಕ್ಷಕರು ತಮ್ಮತಮ್ಮೊಳಗೇ ಜಗಳಕ್ಕೆ ನಿಲ್ಲುತ್ತಾರೆ. ನಗುವಿನ ಹಿಂದೆ ಒಬ್ಬ ಬಡ ಅಭ್ಯರ್ಥಿಯ ನೆನಪು ಇದೆಯೆಂಬುದು ಓದುವವರಿಗೆ ತಿಳಿಯದೆ ಇರದು.

ಕಮಿಷನ್ನಿನ ದಾರಿಯಲ್ಲಿಯೂ ಪರೀಕ್ಷೆ ಇರಲಿಲ್ಲವೆಂದಲ್ಲ. ಸ್ಯಾಮುಯೆಲ್ ಪೆಪಿಸ್ ನೌಕಾ ಇಲಾಖೆಯ ಕಾರ್ಯದರ್ಶಿಯಾಗಿದ್ದಾಗ, ೧೬೭೭ರಲ್ಲಿಯೇ, ಲೆಫ್ಟಿನೆಂಟ್ ಆಗುವವರಿಗೆ ಪರೀಕ್ಷೆಯ ಕಟ್ಟಳೆಯನ್ನು ತಂದಿದ್ದ. ಆದರೆ ಆ ಮೇಜಿನ ಆಚೆ ಕೆಲವೊಮ್ಮೆ ಬಂಧುಗಳೂ ಕುಳಿತಿರುತ್ತಿದ್ದರು. ೧೭೭೭ರ ಏಪ್ರಿಲಿನಲ್ಲಿ ಹೊರೇಷಿಯೋ ನೆಲ್ಸನ್ ಪರೀಕ್ಷೆಗೆ ನಿಂತಾಗ ಮಂಡಳಿಯಲ್ಲಿದ್ದವನು ಅವನ ಸ್ವಂತ ಸೋದರಮಾವ, ಮಾರಿಸ್ ಸಕ್ಲಿಂಗ್. ಪರೀಕ್ಷೆ ಮುಗಿಯುವ ತನಕ ಮಾವ ನಂಟಿನ ಸುದ್ದಿಯನ್ನೇ ಎತ್ತಲಿಲ್ಲವೆಂದು ಹೇಳುವ ಕಥೆಯೊಂದು ಉಂಟು. ಹುಡುಗನಿಗೆ ಇಪ್ಪತ್ತು ತುಂಬಿದಂತೆ ತೋರುತ್ತದೆಂದು ಪತ್ರದಲ್ಲಿ ಬರೆಯಲಾಯಿತು. ನಿಜವಾಗಿ ಅವನಿಗೆ ಆಗಿದ್ದುದು ಹದಿನೆಂಟು. ಜನ್ಮದಿನಾಂಕವನ್ನು ಹಿಂದುಮುಂದು ಮಾಡುವ ವಿದ್ಯೆ ಶಾಲೆಗೆ ಮಕ್ಕಳನ್ನು ಸೇರಿಸುವ ನಮ್ಮ ಹಿರಿಯರಿಗೆ ಮಾತ್ರ ಗೊತ್ತಿದ್ದುದಲ್ಲ.

ಸೋದರಮಾವನಿಲ್ಲದವರ ಪಾಡೇನು? ಸರಿಸುಮಾರು ಒಂದೇ ವಯಸ್ಸಿನ ಇಬ್ಬರು, ಒಂದೂವರೆ ವರ್ಷದ ಅಂತರದಲ್ಲಿ, ಲಂಡನ್ನಿನ ಎರಡು ಮೇಜುಗಳ ಮುಂದೆ ನಿಂತರು. ಇಬ್ಬರ ಹಿಂದೆಯೂ ಹೇಳಿಕೊಳ್ಳುವಂಥ ಬಲವಿರಲಿಲ್ಲ.

ಮೊದಲನೆಯವನು ಯಾರ್ಕ್‌ಷೈರಿನ ಕೃಷಿಕೂಲಿಯೊಬ್ಬನ ಮಗ. ಹದಿನೆಂಟರ ಸುಮಾರಿಗೆ ವಿಟ್‌ಬಿ ಬಂದರಿನ ಕಲ್ಲಿದ್ದಲು ಸಾಗಿಸುವ ಹಡಗುಗಳಲ್ಲಿ ಕೆಲಸ ಕಲಿಯಲು ಸೇರಿದ. ಉತ್ತರ ಸಮುದ್ರದ ಮಂಜು, ಮರಳದಿಣ್ಣೆ, ಅಡ್ಡಗಾಳಿಗಳೇ ಅವನ ಪಾಠಶಾಲೆ. ಒಂದು ಹಡಗಿನ ಯಜಮಾನಿಕೆಯೇ ಕೈಗೆ ಬರಲಿದ್ದಾಗ, ೧೭೫೫ರಲ್ಲಿ, ಅದನ್ನು ಬಿಟ್ಟು ನೌಕಾಪಡೆಗೆ ಸಾಮಾನ್ಯ ನಾವಿಕನಾಗಿ ಸೇರಿದ. ಲೆಫ್ಟಿನೆಂಟ್ ಆಗಲು ನೌಕಾಪಡೆಯಲ್ಲಿ ಆರು ವರ್ಷದ ಸೇವೆ ಬೇಕು. ಅವನಿಗೆ ಆಗಿದ್ದುದು ಎರಡೇ ವರ್ಷ. ತೆರೆದಿದ್ದ ಬಾಗಿಲು ಮಾಸ್ಟರ್ ಪರೀಕ್ಷೆ ಒಂದೇ. ೧೭೫೭ರ ಜೂನ್ ೨೯ರಂದು ಅವನು ಡೆಟ್‌ಫರ್ಡಿನ ಟ್ರಿನಿಟಿ ಹೌಸಿನಲ್ಲಿ ಹಿರಿಯ ಸೋದರರ ಮುಂದೆ ನಿಂತು ತೇರ್ಗಡೆಯಾದ. ತಂದೆ ಯಾರೆಂಬುದು ಅಲ್ಲಿ ಮುಖ್ಯವಾಗಲಿಲ್ಲ. ಅವನ ಹೆಸರು ಜೇಮ್ಸ್ ಕುಕ್. ಮೊದಲು ಸಿಕ್ಕಿದುದು ಇಪ್ಪತ್ತನಾಲ್ಕು ಫಿರಂಗಿಗಳ ಸೋಲ್‌ಬೇ. ಕೆಲವೇ ತಿಂಗಳಲ್ಲಿ ಅರುವತ್ತು ಫಿರಂಗಿಗಳ ಪೆಂಬ್ರೋಕ್.

ಎರಡನೆಯವನು ಐರ್ಲೆಂಡಿನವನು, ಓದಿದವನು. ಎಡಿನ್‌ಬರೋದಲ್ಲಿ ವೈದ್ಯಶಾಸ್ತ್ರವನ್ನು ಅಷ್ಟಿಷ್ಟು ಕೇಳಿ, ಯೂರೋಪಿನಲ್ಲಿ ಕಾಲ್ನಡಿಗೆಯಲ್ಲಿ ಅಲೆದು, ಲಂಡನ್ನಿಗೆ ಬಂದು, ಔಷಧದಂಗಡಿಯಲ್ಲಿ ಸಹಾಯಕನಾಗಿ, ಶಾಲೆಯಲ್ಲಿ ಉಪಾಧ್ಯಾಯನಾಗಿ, ಪತ್ರಿಕೆಗೆ ಕೂಲಿಬರಹಗಾರನಾಗಿ ಬೆಂದವನು. ಈಸ್ಟ್ ಇಂಡಿಯಾ ಕಂಪನಿಯ ಕೋಠಿಯೊಂದರ ವೈದ್ಯನಾಗಿ ನಮ್ಮ ದೇಶದ ಕೋರಮಂಡಲ ತೀರಕ್ಕೆ ಬರುವ ಆಸೆಯೂ ಅವನಿಗಿತ್ತು; ಆ ಕೆಲಸ ಕೈತಪ್ಪಿತು. ಕೊನೆಗೆ ಆಸ್ಪತ್ರೆಯ ಸಹಾಯಕ ವೈದ್ಯನ ಹುದ್ದೆಗಾದರೂ ಆಗಲೆಂದು, ಹಡಗಿನ ವೈದ್ಯರನ್ನು ಪರೀಕ್ಷಿಸುತ್ತಿದ್ದ ಅದೇ ಸಂಘದ ಮುಂದೆ, ೧೭೫೮ರ ಡಿಸೆಂಬರ್ ೨೧ರಂದು ನಿಂತ. ಹಾಕಿಕೊಳ್ಳಲು ಒಳ್ಳೆಯ ಉಡುಪು ಇರಲಿಲ್ಲ. ಅವನು ಬರೆಯುತ್ತಿದ್ದ ಪತ್ರಿಕೆಯ ಒಡೆಯ ಹೊಣೆ ನಿಂತು ದರ್ಜಿಯಿಂದ ಸಾಲವಾಗಿ ಒಂದು ಜೊತೆ ಉಡುಪು ಕೊಡಿಸಿದನೆಂದು ಜೀವನಚರಿತ್ರೆ ಬರೆದವರು ಹೇಳುತ್ತಾರೆ. ಸಂದರ್ಶನಕ್ಕಾಗಿ ಸ್ನೇಹಿತನ ಕೋಟನ್ನು ಬೇಡಿ ತೊಟ್ಟವರಿಗೆ ಆ ಉಡುಪಿನ ಭಾರ ಗೊತ್ತು. ಆ ದಿನದ ದಾಖಲೆಯಲ್ಲಿ ಒಬ್ಬ ಅಭ್ಯರ್ಥಿ ತೇರ್ಗಡೆಯಾದ ಸಾಲಿನ ಕೆಳಗೆ ಇವನ ಹೆಸರು. ಅದರ ಮುಂದೆ, ಅದೇ ಹುದ್ದೆಗೆ ಯೋಗ್ಯನಲ್ಲ ಎಂಬ ಷರಾ. ಹೆಸರು ಆಲಿವರ್ ಗೋಲ್ಡ್‌ಸ್ಮಿತ್.

ಹಿಂದಿರುಗಿದ ಕೆಲವೇ ದಿನಗಳಲ್ಲಿ ಮನೆಯ ಮಾಲೀಕನನ್ನು ಸಾಲಕ್ಕಾಗಿ ಹಿಡಿದೊಯ್ದರಂತೆ. ಹೆಂಡತಿ ಅಳುತ್ತ ಬಂದಳಂತೆ. ಗೋಲ್ಡ್‌ಸ್ಮಿತ್ ಮಾಡಿದುದಿಷ್ಟು: ಪರೀಕ್ಷೆಗೆ ತೊಟ್ಟಿದ್ದ ಆ ಹೊಸ ಉಡುಪನ್ನು ಒತ್ತೆಯಿಟ್ಟು ಅವರ ಕೈಗೆ ಹಣ ಕೊಟ್ಟ. ಹೊಣೆ ನಿಂತಿದ್ದ ಒಡೆಯ ಕೆರಳಿ ಕೆಂಡವಾದ. ಅದೂ ಅನ್ಯಾಯವೆನ್ನುವಂತಿಲ್ಲ, ಉಡುಪಿನ ಬೆಲೆ ಇನ್ನೂ ಸಲ್ಲಿರಲಿಲ್ಲ.

ಈ ಇಬ್ಬರ ಹಣೆಬರಹವೂ ೧೭೭೦ರಲ್ಲಿ ವಿಚಿತ್ರವಾಗಿ ಎದುರುಬದುರಾಯಿತು. ಆ ವರ್ಷದ ಮೇ ತಿಂಗಳಿನಲ್ಲಿ ಗೋಲ್ಡ್‌ಸ್ಮಿತ್‌ನ ‘ದಿ ಡೆಸರ್ಟೆಡ್ ವಿಲೇಜ್’ ಕಾವ್ಯ ಲಂಡನ್ನಿನಲ್ಲಿ ಪ್ರಕಟವಾಯಿತು. ಅದರಲ್ಲಿ ಬರುವ ಹಳ್ಳಿಯ ಮೇಷ್ಟರ ಚಿತ್ರವನ್ನು ಇಂಗ್ಲಿಷ್ ತರಗತಿಯಲ್ಲಿ ಓದಿದವರು ನಮ್ಮಲ್ಲಿಯೂ ಅನೇಕರು. ಮರುತಿಂಗಳು, ಜೂನ್ ೧೧ರ ರಾತ್ರಿ, ಭೂಮಿಯ ಮತ್ತೊಂದು ಬದಿಯಲ್ಲಿ, ಆಸ್ಟ್ರೇಲಿಯಾದ ಪೂರ್ವತೀರದ ಹವಳದ ದಿಬ್ಬಕ್ಕೆ ಕುಕ್ಕನ ಎಂಡೆವರ್ ಹಡಗು ಬಡಿದು ನಿಂತಿತು. ಆಗ ಅವನು ಲೆಫ್ಟಿನೆಂಟ್, ನೌಕೆಯ ನಾಯಕ.

ದಡ ಇಪ್ಪತ್ತು ಮೈಲಿಗೂ ದೂರ. ಹಡಗಿನಲ್ಲಿ ಎಂಬತ್ತಕ್ಕೂ ಹೆಚ್ಚು ಜೀವಗಳು. ದೋಣಿಗಳಲ್ಲಿ ಎಲ್ಲರಿಗೂ ಸ್ಥಳವಿಲ್ಲ. ಹಿರಿಯ ಸೋದರರು ಕೇಳಿದ್ದ ಪ್ರಶ್ನೆಗಳನ್ನೆಲ್ಲ ಈಗ ಕಡಲೇ ಕೇಳತೊಡಗಿತು. ಹಡಗನ್ನು ಹಗುರಗೊಳಿಸಲು ಆರು ಫಿರಂಗಿಗಳನ್ನೂ ಸೇರಿಸಿ ನಲವತ್ತು ಐವತ್ತು ಟನ್ ಸಾಮಾನನ್ನು ನೀರಿಗೆ ಎಸೆದರು. ಕುಕ್ ಮೊದಲುಗೊಂಡು ಎಲ್ಲರೂ ಸರದಿಯ ಮೇಲೆ ಪಂಪಿಗೆ ಕೈಹಚ್ಚಿದರು. ಮೊದಲ ಉಬ್ಬರದಲ್ಲಿ ಹಡಗು ಅಲುಗಲಿಲ್ಲ. ಸುಮಾರು ಇಪ್ಪತ್ತಮೂರು ಗಂಟೆಗಳ ಅನಂತರ, ಮರುರಾತ್ರಿಯ ಉಬ್ಬರದಲ್ಲಿ, ಅದು ದಿಬ್ಬದಿಂದ ಬಿಡಿಸಿಕೊಂಡಿತು. ಹಗ್ಗದ ನಾರನ್ನೂ ಉಣ್ಣೆಯನ್ನೂ ಹೊಲಿದ ಹಾಯಿಯೊಂದನ್ನು ತಳದಡಿಗೆ ಎಳೆದು ಬಿರುಕಿಗೆ ಮುಚ್ಚಿದರು. ಮುಂದೆ ನದಿಯೊಂದರ ಮುಖದಲ್ಲಿ ಹಡಗನ್ನು ದಡಕ್ಕೆ ಹತ್ತಿಸಿ ನೋಡಿದರೆ, ತೂತಿನಲ್ಲಿ ಹವಳದ ಗುಂಡೊಂದು ಮುರಿದು ಸಿಕ್ಕಿಕೊಂಡು, ತಾನೇ ಬಿರಡೆಯಾಗಿ ನಿಂತಿತ್ತು! ಹಡಗಿನ ಮೈಯನ್ನು ಮತ್ತೆ ಕಡಲಿಗೆ ತಕ್ಕಂತೆ ಮಾಡಿದವನು ಬಡಗಿ ಜಾನ್ ಸ್ಯಾಟರ್ಲಿ. ಮರುವರ್ಷ ಮನೆಯ ಹಾದಿಯಲ್ಲಿಯೇ ಅವನು ರೋಗದಿಂದ ತೀರಿಕೊಂಡ. ಅವನು ಸರಿಪಡಿಸಿದ ಹಡಗು ಊರು ಮುಟ್ಟಿತು, ಅವನು ಮುಟ್ಟಲಿಲ್ಲ.

ಹಾಗಾದರೆ ಆ ಮೇಜುಗಳು ಕೊಟ್ಟ ತೀರ್ಪು ಸರಿಯಾಗಿಯೇ ಇತ್ತೆಂದು ಹೇಳಬೇಕು. ಕುಕ್ಕನ ಕೈಗೆ ಹಡಗನ್ನು ಕೊಡಬಹುದು ಎಂದವರು ತಪ್ಪಲಿಲ್ಲ. ಗೋಲ್ಡ್‌ಸ್ಮಿತ್‌ನನ್ನು ಹಿಂದಕ್ಕೆ ಕಳುಹಿಸಿದವರೂ ಪ್ರಾಯಶಃ ತಪ್ಪಲಿಲ್ಲ. ಕಾಲು ಕತ್ತರಿಸಬೇಕಾದ ಗಳಿಗೆಯಲ್ಲಿ ರೋಗಿಗೆ ಬೇಕಾದುದು ಒಳ್ಳೆಯ ಗದ್ಯವಲ್ಲ. ಇವನ ಕೈಗೆ ಇಂಥ ಕೆಲಸವನ್ನು ಒಪ್ಪಿಸಬಹುದೇ ಎಂಬುದೊಂದೇ ಅಲ್ಲಿಯ ಪ್ರಶ್ನೆ. ಇವನು ಎಂಥ ಮನುಷ್ಯ ಎಂದು ಅವರು ಕೇಳಲಿಲ್ಲ. ಕೇಳಿದ್ದರೂ ಅದಕ್ಕೆ ಉತ್ತರ ಆ ಮೇಜಿನ ಮೇಲೆ ದೊರೆಯುತ್ತಿರಲಿಲ್ಲ.

ಏಕೆಂದರೆ ಅದೇ ಕುಕ್, ೧೭೭೯ರ ಫೆಬ್ರವರಿ ೧೪ರಂದು, ಹವಾಯಿ ದ್ವೀಪದ ಕೀಲಕೆಕುವಾ ಕೊಲ್ಲಿಯಲ್ಲಿ, ಕದ್ದ ದೋಣಿಯೊಂದನ್ನು ಮರಳಿ ಪಡೆಯುವುದಕ್ಕಾಗಿ ಅಲ್ಲಿಯ ಅರಸನನ್ನೇ ಒತ್ತೆಯಾಳಾಗಿ ಹಿಡಿದೊಯ್ಯಲು ಹೊರಟ. ಜನ ಕೆರಳಿತು, ದಡದಲ್ಲಿಯೇ ಅವನ ಪ್ರಾಣ ಹೋಯಿತು. ನೀರಿನ ಆಳವನ್ನು ಅಷ್ಟು ಚೆನ್ನಾಗಿ ಬಲ್ಲವನಿಗೆ ಆ ದಿನ ಎದುರಿಗೆ ನಿಂತ ಜನರ ಮನಸ್ಸಿನ ಆಳ ತಿಳಿಯಲಿಲ್ಲ. ಆ ವಿಷಯದಲ್ಲಿ ಯಾವ ಹಿರಿಯ ಸೋದರರೂ ಅವನನ್ನು ಪರೀಕ್ಷಿಸಿರಲಿಲ್ಲ. ಇತ್ತ, ಅನುತ್ತೀರ್ಣನಾದ ಗೋಲ್ಡ್‌ಸ್ಮಿತ್ ಪರೀಕ್ಷೆಯ ಉಡುಪನ್ನೇ ಒತ್ತೆಯಿಟ್ಟು ಇನ್ನೊಬ್ಬನ ಮನೆಯ ಕಣ್ಣೀರು ಒರೆಸಿದ್ದ. ಅದಕ್ಕೂ ಯಾವ ಮಂಡಳಿಯೂ ಅಂಕ ಕೊಟ್ಟಿರಲಿಲ್ಲ.

ಫಲಿತಾಂಶದ ದಿನ ಮನೆಗೆ ಬರುವ ಹುಡುಗನನ್ನು ಬಾಗಿಲಲ್ಲಿಯೇ ತಡೆದು “ಎಷ್ಟು ಬಂತು?” ಎಂದು ಕೇಳುವುದು ತಪ್ಪೇನೂ ಅಲ್ಲ, ಹಡಗನ್ನು ನಡೆಸಬೇಕಾದವನಿಗೆ ದಾರಿ ಗೊತ್ತಿರಲೇಬೇಕು. ಕೇಳಿ, ಉತ್ತರ ಪಡೆದ ಮೇಲೆ, ಅದು ಯಾವ ಪ್ರಶ್ನೆಗೆ ಬಂದ ಉತ್ತರವೆಂಬುದನ್ನು ಮನೆಯ ಹಿರಿಯರು ನೆನಪಿನಲ್ಲಿಟ್ಟುಕೊಂಡರೆ ಸಾಕು. ಆಮೇಲೆ ಅವನನ್ನು ಒಳಗೆ ಕರೆದು ಊಟಕ್ಕೆ ಬಡಿಸಬಹುದು.