ಪಿಜ್ಜಾ ಬರೋ ತನಕ

ಚಿಕಾಗೋಗೆ ಬರುವ ಗೆಳೆಯರೆಲ್ಲ ಏರ್‌ಪೋರ್ಟಿಂದಲೇ ಕೇಳ್ತಾರೆ: ಡೀಪ್ ಡಿಶ್ ಪಿಜ್ಜಾ ಎಲ್ಲಿ ಚೆನ್ನಾಗಿರುತ್ತೆ?

ಇತಿಹಾಸ ಬೇಕಿದ್ದರೆ 1943ರಲ್ಲಿ ಶುರುವಾದ ಪಿಜ್ಜೇರಿಯಾ ಉನೋ. ಡೀಪ್ ಡಿಶ್ ಹುಟ್ಟಿದ್ದೇ ಅಲ್ಲಿ ಅಂತಾರೆ. ಫೋಟೋಗೆ ಸರಿ. ತಿನ್ನೋಕಾದರೆ ನನ್ನ ಓಟು ಲೂ ಮಾಲ್ನಾಟೀಸ್‌ಗೆ. ಬೆಣ್ಣೆ ಹಾಕಿದ ಗರಿಗರಿ ಅಂಚು, ಒಳಗೆ ಪಾಲಕ್, ಅಣಬೆ, ಸಸ್ಯಾಹಾರಿಗಳಿಗೆ ಪರದಾಟವಿಲ್ಲ. ಜಿಯೋರ್ಡಾನೋಸ್‌ನದು ಸ್ಟಫ್ಡ್, ಅಂದರೆ ಚೀಸ್ ಮೇಲೆ ಇನ್ನೊಂದು ಪದರ ಹಿಟ್ಟು. ಎರಡು ಹೋಳು ತಿಂದರೆ ರಾತ್ರಿ ಊಟ ಬೇಡ. ದೋಸೆ ಕಾವಲಿಗೆ ಅಂಟಿದ ಗರಿಯನ್ನು ಕೆರೆದು ತಿನ್ನೋ ಜಾತಿಯವರು ನೀವಾದರೆ ಪೀಕ್ವಾಡ್ಸ್‌ಗೆ ಹೋಗಿ. ಅಲ್ಲಿ ಅಂಚಿನ ಚೀಸನ್ನೇ ಕಪ್ಪಗೆ ಹುರಿದಿರ್ತಾರೆ.

ಕ್ರಮ ಮಾತ್ರ ಉಲ್ಟಾ: ಕೆಳಗೆ ಚೀಸ್, ಮೇಲೆ ಟೊಮೆಟೊ ಸಾಸ್. ಇಷ್ಟು ದಪ್ಪದ್ದು ಬೇಯೋಕೆ ಅರ್ಧ-ಮುಕ್ಕಾಲು ಗಂಟೆ ಬೇಕು. ಚೀಸ್ ಮೇಲಿದ್ದರೆ ಅಷ್ಟರಲ್ಲಿ ಸೀದು ಹೋಗುತ್ತೆ.

ಈ ಕಾಯೋದಕ್ಕೆ ಎಲ್ಲರೂ ಗೊಣಗ್ತಾರೆ. ನಾನು ಗೊಣಗಲ್ಲ. ಅಮ್ಮ ತೀರಿಕೊಂಡ ಮೇಲೆ ಅಪ್ಪ ಮೊದಲ ಸಲ ಇಲ್ಲಿಗೆ ಬಂದಿದ್ದರು. ಮನೆಯಲ್ಲಿ ನನಗೆ ಲ್ಯಾಪ್‌ಟಾಪ್, ಅವರಿಗೆ ಯೂಟ್ಯೂಬ್, ಮಾತೇ ಇಲ್ಲ. ಮಾಲ್ನಾಟೀಸ್‌ನಲ್ಲಿ ಮೇಜಿನ ಮೇಲೆ ಬರೀ ನೀರು. ಸುಮಾರು ಹೊತ್ತಾದ ಮೇಲೆ ಅಪ್ಪ ಅಂದರು, "ರಾತ್ರಿ ಅಡುಗೆ ಮಾಡೋದೇ ಬಿಟ್ಟಿದ್ದೀನಿ ಕಣೋ. ಒಬ್ಬನಿಗೆ ಏನು ಮಾಡೋದು?"

ವರ್ಷದಿಂದ ಫೋನಲ್ಲಿ ದಿನಾ "ಊಟ ಆಯ್ತು" ಅಂತಿದ್ದವರು.

ಅಷ್ಟರಲ್ಲಿ ಪಿಜ್ಜಾ ಬಂತು. ಒಂದು ಹೋಳು ಮುಗಿಸಿ ತಟ್ಟೆ ಮುಂದೆ ತಳ್ಳಿದರು, "ಇನ್ನೊಂದು ಹಾಕು."