ತಪ್ಪು ಕಾರ್ಬೊರೇಟರಿನದಲ್ಲ

ನಾವಿಬ್ಬರು ಒಂದೇ ಬೆಂಚಿನಲ್ಲಿ ಕೂತು ಪತ್ರಿಕೋದ್ಯಮ ಡಿಪ್ಲೊಮಾ ಮುಗಿಸಿದವರು. ಈಗ ಒಂದೇ ತಾಲ್ಲೂಕಿನಲ್ಲಿ ಎರಡು ಬೇರೆ ಪತ್ರಿಕೆಗಳ ಬಿಡಿ ಸುದ್ದಿಗಾರರು. ಹೆಸರಿಗೆ ಪೈಪೋಟಿ, ಓಡಾಟಕ್ಕೆ ಮಾತ್ರ ಒಂದೇ ಗಾಡಿ. ಸುದ್ದಿಗಿಷ್ಟು ಅಂತ ಬರುವ ದುಡ್ಡಿನಲ್ಲಿ ಎರಡು ಗಾಡಿಗೆ ಪೆಟ್ರೋಲ್ ಹಾಕಿಸುವ ತಾಕತ್ತು ನಮಗಿಲ್ಲ.

ಗಾಡಿ ಅಂದರೆ ನಮ್ಮಲ್ಲೊಬ್ಬನ ಅಪ್ಪ ಬಿಟ್ಟುಹೋದ ಯೆಜ್ಡಿ ರೋಡ್‌ಕಿಂಗ್. 250 ಸಿಸಿ, ಟೂ ಸ್ಟ್ರೋಕ್, ಎರಡು ಸೈಲೆನ್ಸರ್. ಕಿಕ್ಕರೂ ಗೇರೂ ಒಂದೇ ಲಿವರ್. ಹುಟ್ಟಿದ್ದು ನಮ್ಮ ಮೈಸೂರಿನಲ್ಲೇ. 1961ರಲ್ಲಿ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಜೆಕೊಸ್ಲೊವಾಕಿಯಾದ ಪರವಾನಗಿ ಪಡೆದು ಜಾವಾ ಬೈಕ್ ತಯಾರಿಸಲು ಶುರುಮಾಡಿದರು. ಆಮೇಲೆ ಹೆಸರು ಯೆಜ್ಡಿ ಆಯಿತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಗಾಡಿಗಳು ಮಾತ್ರ ಇನ್ನೂ ಹಳ್ಳಿ ರಸ್ತೆಯಲ್ಲಿ ಹೊಗೆ ಬಿಡುತ್ತಾ ಓಡುತ್ತಿವೆ.

ಈ ಬೇಸಿಗೆಯಲ್ಲಿ ಅದಕ್ಕೆ ಹುಚ್ಚು ಹಿಡಿಯಿತು. ಬಿಸಿಯಾದ ಮೇಲೆ ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ಇಳಿಯುತ್ತಿರಲಿಲ್ಲ, ಕಿರುಚುತ್ತಲೇ ಇರುತ್ತಿತ್ತು. ಏರು ಹತ್ತುವಾಗ ಉಸಿರು ಕಟ್ಟುತ್ತಿತ್ತು. ನಾವು ಕಾರ್ಬೊರೇಟರ್ ಬಿಚ್ಚಿದೆವು. ಮೊಬೈಲಿನಲ್ಲಿ ವಿಡಿಯೊ ನೋಡಿಕೊಂಡು ಸ್ಲೋಸ್ಪೀಡ್ ಸ್ಕ್ರೂ, ಏರ್ ಸ್ಕ್ರೂ ಎರಡನ್ನೂ ಒಟ್ಟಿಗೇ ತಿರುಗಿಸಿದೆವು. ಜೆಟ್ಟಿನ ತೂತಿಗೆ ಪಿನ್ನು ತೂರಿಸಿದೆವು. ಮೂರು ಭಾನುವಾರ ಹೋಯಿತು. ಗಾಡಿ ಇನ್ನಷ್ಟು ಕೆಟ್ಟಿತು.

ಕೊನೆಗೆ ಹಳೇ ಮೇಸ್ತ್ರಿ ಹತ್ತಿರ ತಳ್ಳಿಕೊಂಡು ಹೋದೆವು. ಅವರು ಮೊದಲು ಸ್ಕ್ರೂಡ್ರೈವರನ್ನೇ ಮುಟ್ಟಲಿಲ್ಲ. ಪ್ಲಗ್ ಬಿಚ್ಚಿ ಬಿಸಿಲಿಗೆ ಹಿಡಿದರು. ತುದಿ ಸುಣ್ಣದ ಹಾಗೆ ಬೆಳ್ಳಗಿತ್ತು. 'ಕಪ್ಪಗೆ ಒದ್ದೆಯಾಗಿದ್ರೆ ಪೆಟ್ರೋಲ್ ಜಾಸ್ತಿ. ಕಾಫಿ ಬಣ್ಣ ಇದ್ರೆ ಸರಿ. ಇದು ಬರೀ ಗಾಳಿ ಕುಡೀತಾ ಐತೆ' ಅಂದರು. ಪ್ಲಗ್ ಹಾಕಿ ಇಂಜಿನ್ ಬಿಸಿ ಮಾಡಿದರು. ಕಾರ್ಬೊರೇಟರ್ ಇಂಜಿನ್‌ಗೆ ಕೂರುವ ಜಾಗದ ಸುತ್ತ ಬೆರಳಲ್ಲಿ ಒಂದಿಷ್ಟು ಎಣ್ಣೆ ಸವರಿದರು. ಕಿರುಚುತ್ತಿದ್ದ ಇಂಜಿನ್ ಇದ್ದಕ್ಕಿದ್ದಂತೆ ತಣ್ಣಗಾಗಿ 'ಡಬ್ ಡಬ್' ಅನ್ನತೊಡಗಿತು.

'ಪ್ಯಾಕಿಂಗ್ ಹೋಗೈತೆ. ಆ ಸಂದೀಲಿ ಗಾಳಿ ನುಗ್ತೈತೆ. ಕಾರ್ಬೊರೇಟರ್ ಕಣ್ಣಿಗೆ ಕಾಣ್ತದೆ, ಅದಕ್ಕೆ ಅದರ ಮೇಲೆ ಅಪವಾದ ಹೊರಿಸ್ಬಿಟ್ರಿ. ಪೇಪರ್‌ನೋರಲ್ವಾ!' ಎಂದು ನಕ್ಕರು.

ನಮಗೆ ನಗು ಬರಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹಿಂದಿನ ತಿಂಗಳು ಒಂದು ಹಳ್ಳಿಯ ಕಾಲೊನಿಗೆ ನೀರು ಬರುತ್ತಿಲ್ಲ ಅಂತ ಇಬ್ಬರೂ ಸುದ್ದಿ ಮಾಡಿದ್ದೆವು. ಖಾಲಿ ಕೊಡ ಹಿಡಿದವರನ್ನು ಮಾತಾಡಿಸಿದೆವು, ಪಂಚಾಯ್ತಿ ಸದಸ್ಯರನ್ನು ಮಾತಾಡಿಸಿದೆವು. ವಾಲ್ವ್ ತಿರುಗಿಸುವ ನೀರುಗಂಟಿಯನ್ನು ಮಾತ್ರ ಕೇಳಲಿಲ್ಲ. 'ನೀರುಗಂಟಿ ನಿರ್ಲಕ್ಷ್ಯ' ಅಂತ ಬರೆದೆವು. ಎರಡು ಪೇಪರಿನಲ್ಲೂ ಬಂದ ಮೇಲೆ ಸುಳ್ಳಿರುತ್ತದೆಯೇ? ಅವನನ್ನು ಕೆಲಸದಿಂದ ಬಿಡಿಸಿದರು. ಆಮೇಲೆ ಚರಂಡಿಗೆಂದು ರಸ್ತೆ ಅಗೆದಾಗ ನೆಲದೊಳಗೆ ಪೈಪು ಒಡೆದಿರುವುದು ಗೊತ್ತಾಯಿತು. ಆ ಸುದ್ದಿಯನ್ನು ನಾವಿಬ್ಬರೂ ಬರೆದಿರಲಿಲ್ಲ.

ಮೇಸ್ತ್ರಿ ಹೊಸ ಪ್ಯಾಕಿಂಗ್ ಕತ್ತರಿಸಿ ಕೂರಿಸಿದರು. ಪಿನ್ನು ತೂರಿಸಿ ತೂತು ದೊಡ್ಡದು ಮಾಡಿದ್ದಕ್ಕೆ ಬೈದು ಜೆಟ್ ಬದಲಿಸಿದರು. ಆಮೇಲೇ ಟ್ಯೂನಿಂಗ್. ಏರ್ ಸ್ಕ್ರೂ ಮೆಲ್ಲಗೆ ಪೂರ್ತಿ ಒಳಕ್ಕೆ ಹಾಕಿ, ಅಲ್ಲಿಂದ ಒಂದೂವರೆ ಸುತ್ತು ಹೊರಕ್ಕೆ ತಂದರು. ಬಳಿಕ ಸ್ವಲ್ಪ ತಿರುಗಿಸುವುದು, ಕೇಳುವುದು; ಮತ್ತೆ ಸ್ವಲ್ಪ, ಮತ್ತೆ ಕೇಳುವುದು. 'ಒಂದು ಸಲಕ್ಕೆ ಒಂದೇ ಸ್ಕ್ರೂ. ಎರಡೂ ತಿರುವಿದ್ರೆ ಯಾವುದರಿಂದ ಏನಾಯ್ತು ಅಂತ ಗೊತ್ತಾಗಲ್ಲ' ಅಂದರು.

ಅವತ್ತೇ ಸಂಜೆ ಆ ಗಾಡಿಯಲ್ಲೇ ನೀರುಗಂಟಿಯ ಮನೆಗೆ ಹೋದೆವು. ಶುಂಠಿ ಹೊಲದ ಕೂಲಿ ಮುಗಿಸಿ ಆಗ ತಾನೇ ಬಂದು ಕಾಲು ತೊಳೆಯುತ್ತಿದ್ದ. ತಪ್ಪಾಯಿತು ಅಂದೆವು. ತುಂಬ ಹೊತ್ತು ಸುಮ್ಮನಿದ್ದ. ಆಮೇಲೆ, 'ಅವತ್ತು ನನ್ನ ಒಂದು ಮಾತು ಕೇಳಿದ್ರೆ, ಪೈಪ್ ಎಲ್ಲಿ ಒಡೆದೈತೆ ಅಂತ ನಾನೇ ತೋರಿಸ್ತಿದ್ದೆ ಸ್ವಾಮಿ' ಅಂದ.

ಇಬ್ಬರೂ ತಿದ್ದುಪಡಿ ಬರೆದು ಕಳಿಸಿದೆವು. ಒಂದು ಪೇಪರಿನಲ್ಲಿ ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲು ಬಂತು. ಇನ್ನೊಂದರಲ್ಲಿ ಬರಲಿಲ್ಲ. ಅವನಿಗೆ ಕೆಲಸ ಇನ್ನೂ ವಾಪಸ್ ಸಿಕ್ಕಿಲ್ಲ. ಪಂಚಾಯ್ತಿ ಸಭೆ ಇದೆ ಅಂದಾಗೆಲ್ಲ ಯೆಜ್ಡಿ ಹತ್ತಿ ಹೋಗಿ ಕೂರುತ್ತಿದ್ದೇವೆ.